ಕಾವೇರಿಯ ಬಲವನ್ನು ಕೋಲಾರಕ್ಕೆ ತಂದ ದಿವಾನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆ ಬಂದ ದಿನಗಳಲ್ಲಿ ಹರಿದು, ದಾರಿಯ ಕೆರೆಗಳನ್ನು ತುಂಬಿಸಿ, ನೆರೆಯ ಸೀಮೆಗೆ ಇಳಿದುಹೋಗುತ್ತವೆ. ಕೆರೆ ತುಂಬಿದರೆ ಬೆಳೆ, ಒಣಗಿದರೆ ಬವಣೆ ಎಂಬುದೇ ಇಲ್ಲಿನ ರೈತರ ಶತಮಾನಗಳ ಅನುಭವ. ಇಂಥ ನೆಲಕ್ಕೆ 1902ರ ಜೂನ್ 30ರಂದು ಕಾವೇರಿ ಬಂದಳು. ಅವಳ ನೀರಿನ ಒಂದು ಹನಿಯೂ ಬರಲಿಲ್ಲ. ಶಿವನಸಮುದ್ರದ ಕಮರಿಯಲ್ಲಿ ಧುಮುಕುವ ಅವಳ ಬಲ ಮಾತ್ರ ತಾಮ್ರದ ತಂತಿಯ ಮೇಲೇರಿ, 147 ಕಿಲೋಮೀಟರ್ ದೂರ ಸಾಗಿ, ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು.

ಆ ಕ್ಷಣವನ್ನು ಕಾಣಲು ಅದರ ಮೂಲಪುರುಷರು ಬದುಕಿರಲಿಲ್ಲ. ಹದಿನೆಂಟು ವರ್ಷಗಳ ಕಾಲ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅದಕ್ಕೆ ಒಂಬತ್ತೂವರೆ ತಿಂಗಳ ಮುನ್ನವೇ, 1901ರ ಸೆಪ್ಟೆಂಬರ್ 13ರಂದು, ಕಣ್ಣು ಮುಚ್ಚಿದ್ದರು. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಯ ಹೆಸರಿನಲ್ಲಿ, ಕಬ್ಬನ್ ಉದ್ಯಾನದ ಕೆಂಪು ಸ್ಮಾರಕ ಭವನದಲ್ಲಿ ಇಂದಿಗೂ ಉಳಿದಿರುವ ಈ ಆಡಳಿತಗಾರನ ಅತಿದೊಡ್ಡ ಸಾಹಸದ ಕೊನೆಯ ತುದಿ ಇದ್ದದ್ದು ಕೋಲಾರ ಜಿಲ್ಲೆಯಲ್ಲಿ ಎಂಬುದು ಅನೇಕರ ಗಮನಕ್ಕೆ ಬಂದಿರಲಾರದು.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಮಲಬಾರಿನ ಪಾಲಕ್ಕಾಡಿನ ಬಳಿಯ ಕುಮಾರಪುರಂ ಅಗ್ರಹಾರದಲ್ಲಿ. ತಂದೆ ಅನಂತನಾರಾಯಣ ಅಯ್ಯರ್ ಕೋಳಿಕ್ಕೋಡಿನಲ್ಲಿ ವಕೀಲರಾಗಿದ್ದರು. ಮಗುವಿಗೆ ಇನ್ನೂ ಬುದ್ಧಿ ತಿಳಿಯುವ ಮೊದಲೇ ತಂದೆ ತೀರಿಕೊಂಡರು. ಮಲ ಅಣ್ಣನ ಆಶ್ರಯದಲ್ಲಿ ಬೆಳೆದ ಹುಡುಗ ಕೋಳಿಕ್ಕೋಡು, ತಿರುವನಂತಪುರಗಳಲ್ಲಿ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದನು. 1868ರಲ್ಲಿ ಬಿ.ಎ. ಪದವಿ ಪಡೆದನು. ಪದವೀಧರರ ಸಂಖ್ಯೆಯನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲವದು.

ಅದೇ ವರ್ಷ ಅವರನ್ನು ಮೈಸೂರಿಗೆ ಕರೆತಂದವರು ಸಿ. ರಂಗಾಚಾರ್ಲು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯ ಇಲಾಖೆಯ ಶಿರಸ್ತೇದಾರರಾಗಿ ಸೇರಿದ ಇಪ್ಪತ್ತಮೂರರ ತರುಣ, ಮುಂದಿನ ಹದಿಮೂರು ವರ್ಷಗಳಲ್ಲಿ ಕಂದಾಯ ಮತ್ತು ನ್ಯಾಯಾಡಳಿತದ ನಾನಾ ಮೆಟ್ಟಿಲುಗಳನ್ನು ಹತ್ತಿದರು. ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರರಾಗಿಯೂ ಕೆಲಸ ಮಾಡಿದರು. ಈ ನಡುವೆ ಕಾನೂನು ಪದವಿಯನ್ನೂ ಪಡೆದರು. ಕಡತದ ಮುಂದೆ ಕುಳಿತಷ್ಟೇ ಕಾಲ ಹಳ್ಳಿಗಳನ್ನು ಸುತ್ತಬೇಕಾದ ಹುದ್ದೆಗಳವು. ಸಂಸ್ಥಾನದ ಬಯಲು ಸೀಮೆಯ ಬಡತನವನ್ನು ಅವರು ಹತ್ತಿರದಿಂದ ಕಂಡದ್ದು ಆಗಲೇ.

ಅವರು ಕಂಡದ್ದು ಬರೀ ಬಡತನವನ್ನಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರಿನಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತು. ಮಳೆಯನ್ನೇ ನಂಬಿದ್ದ ಕೋಲಾರ ಜಿಲ್ಲೆ ತೀವ್ರ ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿ ಸಂದಾಗ ರಾಜಮನೆತನದ ಕೈಗೆ ಬಂದದ್ದು ಸೊರಗಿದ ರಾಜ್ಯ ಮತ್ತು 80 ಲಕ್ಷ ರೂಪಾಯಿಯ ಕ್ಷಾಮದ ಸಾಲ.

ಸಾಲದ ರಾಜ್ಯದ ಸೂತ್ರ

ಮೊದಲ ದಿವಾನರಾದ ರಂಗಾಚಾರ್ಲು 1883ರ ಜನವರಿಯಲ್ಲಿ ನಿಧನರಾದರು. ಮರುತಿಂಗಳು ಆ ಸ್ಥಾನಕ್ಕೆ ಬಂದವರು ಶೇಷಾದ್ರಿ ಅಯ್ಯರ್. ಆಗ ಅವರ ವಯಸ್ಸು ಮೂವತ್ತೇಳು. ಖಜಾನೆ ಬರಿದಾಗಿತ್ತು. ಬ್ರಿಟಿಷ್ ಸರ್ಕಾರಕ್ಕೆ ಪ್ರತಿವರ್ಷ ತೆರಬೇಕಾದ ಪೊಗದಿಯ ಹೊರೆ ತಲೆಯ ಮೇಲಿತ್ತು. ಹೊಸ ತೆರಿಗೆ ಹೇರಲು ರೈತನಲ್ಲಿ ಶಕ್ತಿ ಉಳಿದಿರಲಿಲ್ಲ.

ಹೊಸ ದಿವಾನರು ಮಿತವ್ಯಯವೊಂದನ್ನೇ ನೆಚ್ಚಿಕೊಳ್ಳಲಿಲ್ಲ. ದುಡಿಯುವ ಕಡೆ ಹಣ ಹೂಡಿದರೆ ಹಣ ಮರಳಿ ಬರುತ್ತದೆ ಎಂಬ ನಿಲುವನ್ನು ಕೊನೆಯವರೆಗೂ ಬಿಡಲಿಲ್ಲ. ಕೆರೆಗಳ ದುರಸ್ತಿ, ನಾಲೆಗಳ ವಿಸ್ತರಣೆ, ನೀರಾವರಿ ಬಾವಿ ತೋಡಲು ರೈತರಿಗೆ ಸಾಲ, ರೈಲುಹಾದಿ, ನಗರಗಳಿಗೆ ಕುಡಿಯುವ ನೀರು, ಇವೆಲ್ಲವೂ ಒಂದರ ಹಿಂದೊಂದು ಬಂದವು. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹರಿದದ್ದು, ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸ ತೊಡಗಿದ್ದು ಅವರ ಅವಧಿಯಲ್ಲಿ. 1898ರ ಪ್ಲೇಗ್ ಮಾರಿಯ ವೇಳೆ ಇಕ್ಕಟ್ಟಾದ ಬೆಂಗಳೂರು ಪೇಟೆಯ ಆಚೆಗೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಮೈದಾಳಿದ್ದೂ ಆ ಕಾಲದಲ್ಲೇ. 1895ರ ವೇಳೆಗೆ ಸಂಸ್ಥಾನದ ಸಾಲ ಕರಗಿ, ಆಸ್ತಿಯ ಪಟ್ಟಿ ಒಂದು ಕೋಟಿ ರೂಪಾಯಿಯನ್ನು ಮೀರಿತ್ತು.

ಈ ಚೇತರಿಕೆಯಲ್ಲಿ ಕೋಲಾರದ ಪಾಲು ಸಣ್ಣದಲ್ಲ. 1880ರಲ್ಲಿ ಗಣಿಗಳ ನಿರ್ವಹಣೆಯನ್ನು ಕೈಗೆತ್ತಿಕೊಂಡ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ, ಎಂಬತ್ತರ ದಶಕದ ನಡುವೆ ಸಮೃದ್ಧ ಚಿನ್ನದ ಎಳೆಯನ್ನು ಮುಟ್ಟಿತು. ಚಿನ್ನದ ಮೇಲಿನ ರಾಯಧನ ಸಂಸ್ಥಾನದ ಆದಾಯದ ಭದ್ರ ಮೂಲವಾಯಿತು. ಮಾಲೂರು, ಬೌರಿಂಗ್‌ಪೇಟೆಗಳ ಮೂಲಕ ಮದರಾಸು ರೈಲು ಆಗಲೇ ಓಡಾಡುತ್ತಿತ್ತು. ಇಂದು ಬಂಗಾರಪೇಟೆ ಎನಿಸಿಕೊಂಡಿರುವ ಬೌರಿಂಗ್‌ಪೇಟೆಯಿಂದ ಗಣಿಯವರೆಗೆ 1894ರಲ್ಲಿ ಕವಲು ಹಾದಿ ತೆರೆಯಿತು. ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದ್ದೂ ಅದೇ ವರ್ಷ.

ಆದರೆ ಗಣಿ ಆಳಕ್ಕಿಳಿದಂತೆ ಖರ್ಚೂ ಬೆಳೆಯುತ್ತಿತ್ತು. ಅದಿರು ಕುಟ್ಟುವ ಗಿರಣಿಗಳಿಗೆ, ಗಾಳಿ ಒತ್ತುವ ಯಂತ್ರಗಳಿಗೆ, ನೀರೆತ್ತುವ ಪಂಪುಗಳಿಗೆ ಉಗಿಯ ಶಕ್ತಿ ಬೇಕು. ಉಗಿಗೆ ಸೌದೆ ಅಥವಾ ಕಲ್ಲಿದ್ದಲು ಬೇಕು. ಬಯಲು ಸೀಮೆಯಲ್ಲಿ ಕಾಡು ಕಡಿಮೆ. ಕಲ್ಲಿದ್ದಲು ನೂರಾರು ಮೈಲಿ ದೂರದಿಂದ ರೈಲಿನಲ್ಲಿ ಬರಬೇಕು. ಅಗ್ಗದ ಶಕ್ತಿ ಸಿಗದಿದ್ದರೆ ಕಡಿಮೆ ಚಿನ್ನವಿರುವ ಅದಿರನ್ನು ಮೇಲೆತ್ತುವುದೇ ನಷ್ಟದ ಬಾಬತ್ತಾಗುತ್ತಿತ್ತು.

ಜಲಪಾತ ಯಾರದು?

ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಅಂದು ಒಂದು ದಂಡೆ ಮೈಸೂರಿನ ಮಳವಳ್ಳಿ ತಾಲ್ಲೂಕಿಗೂ, ಎದುರಿನ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೂ ಸೇರಿದ್ದವು. ಜಲಪಾತದಿಂದ ವಿದ್ಯುತ್ ತೆಗೆಯಲು ಅನುಮತಿ ಬೇಡಿ ತೊಂಬತ್ತರ ದಶಕದಲ್ಲಿ ಮೊದಲು ಮುಂದೆ ಬಂದದ್ದು ಮದರಾಸಿನ ಖಾಸಗಿ ಸಂಸ್ಥೆಯೊಂದು.

ಪರವಾನಗಿ ಕೊಟ್ಟು, ವರ್ಷಕ್ಕಿಷ್ಟು ಶುಲ್ಕ ಪಡೆದು, ಅಪಾಯವನ್ನೆಲ್ಲ ಖಾಸಗಿಯವರ ಮೇಲೆ ಬಿಡುವುದು ಸುಲಭದ ದಾರಿಯಾಗಿತ್ತು. ಶೇಷಾದ್ರಿ ಅಯ್ಯರ್ ಆ ದಾರಿ ಹಿಡಿಯಲಿಲ್ಲ. ಕಾವೇರಿಯ ಬಲ ಸಂಸ್ಥಾನದ ಸೊತ್ತು, ಅದರ ಲಾಭ ಸಂಸ್ಥಾನಕ್ಕೇ ಸೇರಬೇಕು ಎಂಬ ತೀರ್ಮಾನಕ್ಕೆ ಅವರ ಆಡಳಿತ ಬಂದಿತು. ಭಾರತದಲ್ಲಿ ಆಗ ಜಲವಿದ್ಯುತ್ತಿನ ಅನುಭವ ತೀರಾ ಎಳೆಯದು. 1897ರ ನವೆಂಬರಿನಲ್ಲಿ ಡಾರ್ಜಿಲಿಂಗ್‌ನ ಬಳಿ ಸಣ್ಣ ಕೇಂದ್ರವೊಂದು ಊರಿನ ದೀಪಗಳಿಗೆಂದು ತೆರೆದಿತ್ತು, ಅಷ್ಟೆ. ಶಿವನಸಮುದ್ರವೇ ದೇಶದ ಮೊತ್ತಮೊದಲ ಜಲವಿದ್ಯುತ್ ಕೇಂದ್ರ ಎಂಬ ಮಾತು ಆಗಾಗ್ಗೆ ಕೇಳಿಬರುವುದಾದರೂ ಆ ಮೊದಲ ಸ್ಥಾನ ಡಾರ್ಜಿಲಿಂಗ್‌ಗೆ ಸಲ್ಲುತ್ತದೆ. ಶಿವನಸಮುದ್ರದ ಹಿರಿಮೆ ಇರುವುದು ಅದರ ಗಾತ್ರದಲ್ಲಿ ಮತ್ತು ಅದು ಕ್ರಮಿಸಿದ ದೂರದಲ್ಲಿ.

ಇಷ್ಟು ದೊಡ್ಡ ಕೆಲಸಕ್ಕೆ ಎಂಜಿನಿಯರ್ ಬೇಕಿತ್ತು. ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ, ಕೆನಡಾ ಮೂಲದ ಸೈನಿಕ ಎಂಜಿನಿಯರ್ ಕ್ಯಾಪ್ಟನ್ ಜೋಲಿ ದ ಲೋಟ್‌ಬಿನಿಯೇರ್ ಆ ಹೊಣೆ ಹೊತ್ತರು. 1899ರಲ್ಲಿ ಸಂಸ್ಥಾನ ಅವರನ್ನು ಯೂರೋಪ್ ಮತ್ತು ಅಮೆರಿಕಗಳಿಗೆ ಕಳುಹಿಸಿತು. ನಯಾಗರಾ ಜಲಪಾತದ ವಿದ್ಯುತ್ತು 1896ರ ನವೆಂಬರಿನಿಂದ ಬಫಲೋ ನಗರವನ್ನು ತಲುಪುತ್ತಿತ್ತು. ಆ ದೂರ ಸುಮಾರು 40 ಕಿಲೋಮೀಟರ್. ಕೋಲಾರಕ್ಕೆ ಬೇಕಾಗಿದ್ದುದು ಅದರ ಮೂರು ಪಟ್ಟಿಗೂ ಹೆಚ್ಚು.

ಡೈನಮೊ ಬಿಟ್ಟು ಆಲ್ಟರ್ನೇಟರ್ ಹಿಡಿದ ಬಗೆ

ಶೇಷಾದ್ರಿ ಅಯ್ಯರ್ ಒಪ್ಪಿಗೆ ಕೊಟ್ಟ ಯೋಜನೆಯ ತಾಂತ್ರಿಕ ತಿರುಳು ತಿಳಿಯಬೇಕಾದರೆ ಹಳೆಯ ಕಾರೊಂದರ ಬಾನೆಟ್ಟು ಎತ್ತಿ ನೋಡಿದರೂ ಸಾಕು. ಹಳೆಯ ಅಂಬಾಸಿಡರ್ ಅಥವಾ ಫಿಯಟ್ ಕಾರನ್ನು ಜತನದಿಂದ ಉಳಿಸಿಕೊಂಡವರು ಅದರ ಡೈನಮೊ ಕಳಚಿ ಆಲ್ಟರ್ನೇಟರ್ ಕೂರಿಸುವುದು ಗ್ಯಾರೇಜುಗಳಲ್ಲಿ ಕಾಣುವ ಕೆಲಸ. ಡೈನಮೊದಲ್ಲಿ ವಿದ್ಯುತ್ ಹುಟ್ಟುವುದು ತಿರುಗುವ ಸುರುಳಿಯಲ್ಲಿ. ಅಲ್ಲಿ ಹುಟ್ಟಿದ್ದನ್ನೆಲ್ಲ ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉರುಳೆ ಮತ್ತು ಅದಕ್ಕೆ ಒರಗಿದ ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರತೆಗೆಯಬೇಕು. ಬ್ರಷ್ ಸವೆಯುತ್ತದೆ, ಕಿಡಿ ಹಾರುತ್ತದೆ, ಎಂಜಿನ್ ನಿಧಾನವಾಗಿ ಓಡುವಾಗ ಬ್ಯಾಟರಿಗೆ ಚಾರ್ಜು ಸಾಲದೆ ಹೆಡ್‌ಲೈಟ್ ಮಂಕಾಗುತ್ತದೆ.

ಆಲ್ಟರ್ನೇಟರ್ ಈ ಕ್ರಮವನ್ನು ತಿರುವುಮುರುವು ಮಾಡಿದೆ. ಅದರಲ್ಲಿ ತಿರುಗುವುದು ಅಯಸ್ಕಾಂತ. ವಿದ್ಯುತ್ ಹುಟ್ಟುವುದು ಸುತ್ತಲೂ ಸ್ಥಿರವಾಗಿರುವ ಸುರುಳಿಗಳಲ್ಲಿ. ಅಯಸ್ಕಾಂತಕ್ಕೆ ಬೇಕಾದ ಅಲ್ಪ ವಿದ್ಯುತ್ತು ಮಾತ್ರ ಬ್ರಷ್ ಮೂಲಕ ಹಾದುಹೋಗುತ್ತದೆ. ಭಾರಿ ವಿದ್ಯುತ್ತನ್ನು ನೇರವಾಗಿ ಸ್ಥಿರ ತಂತಿಯಿಂದ ಪಡೆಯಬಹುದು. ಹೀಗೆ ಹುಟ್ಟುವುದು ಮೂರು ಫೇಸಿನ ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಬ್ಯಾಟರಿಗೆ ನೇರ ವಿದ್ಯುತ್ತೇ ಬೇಕಾದ್ದರಿಂದ ಕಾರಿನಲ್ಲಿ ಸಿಲಿಕಾನ್ ಡಯೋಡುಗಳು ಅದನ್ನು ಡಿ.ಸಿ.ಗೆ ತಿರುಗಿಸುತ್ತವೆ. ಈ ಡಯೋಡುಗಳು ಅಗ್ಗವಾಗಿ ಸಿಗುವಂತಾದ ಮೇಲೆಯೇ, 1960ರ ದಶಕದಿಂದ, ಕಾರುಗಳು ಡೈನಮೊಗೆ ವಿದಾಯ ಹೇಳತೊಡಗಿದವು. ಹಳೆಯ ಕಾರಿನಲ್ಲಿ ಬದಲಾವಣೆ ಮಾಡುವಾಗ ಹಳೆಯ ರೆಗ್ಯುಲೇಟರ್ ಪೆಟ್ಟಿಗೆಯನ್ನು ಮಾರ್ಗದಿಂದ ತೆಗೆಯಬೇಕು, ಹೆಚ್ಚಿದ ವಿದ್ಯುತ್ತಿಗೆ ತಕ್ಕಂತೆ ದಪ್ಪ ತಂತಿ ಎಳೆಯಬೇಕು, ಫ್ಯಾನ್ ಬೆಲ್ಟು ಓರೆಯಾಗದಂತೆ ಕೂರಿಸಬೇಕು. ಹಳೆಯ ಬ್ರಿಟಿಷ್ ವಿನ್ಯಾಸದ ಹಲವು ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಬಾಡಿಗೆ ಜೋಡಿಸಿರುತ್ತಿದ್ದುದರಿಂದ ಅದನ್ನು ಮೊದಲು ಗಮನಿಸದಿದ್ದರೆ ಹೊಸ ಡಯೋಡುಗಳು ಕ್ಷಣದಲ್ಲೇ ಸುಟ್ಟುಹೋಗುತ್ತವೆ.

ಕಾರಿನ ಪ್ರಪಂಚ ಅರವತ್ತು ವರ್ಷಗಳ ನಂತರ ಮಾಡಿದ ಈ ಆಯ್ಕೆಯನ್ನು ಮೈಸೂರು ಸಂಸ್ಥಾನ ಬೇರೊಂದು ಕಾರಣಕ್ಕಾಗಿ 1900ರ ಹೊತ್ತಿಗೇ ಮಾಡಿತ್ತು. ಆ ಕಾರಣ ದೂರ. ತಂತಿಯಲ್ಲಿ ಹರಿಯುವ ವಿದ್ಯುತ್ತು ತಂತಿಯನ್ನು ಬಿಸಿ ಮಾಡಿ ಶಕ್ತಿಯನ್ನು ಪೋಲು ಮಾಡುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತನೆಯ ಒಂದು ಭಾಗದಷ್ಟು ವಿದ್ಯುತ್ ಪ್ರವಾಹ ಸಾಕು, ನಷ್ಟವೋ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜನ್ನು ಹೀಗೆ ಏರಿಸಿ, ಮತ್ತೆ ಇಳಿಸಬಲ್ಲ ಸರಳ ಸಾಧನ ಟ್ರಾನ್ಸ್‌ಫಾರ್ಮರ್. ಅದು ಕೆಲಸ ಮಾಡುವುದು ಪರ್ಯಾಯ ವಿದ್ಯುತ್ತಿಗೆ ಮಾತ್ರ. ಡೈನಮೊದ ನೇರ ವಿದ್ಯುತ್ತನ್ನು ನೆಚ್ಚಿಕೊಂಡಿದ್ದರೆ ಶಿವನಸಮುದ್ರದ ಬೆಳಕು ಮಳವಳ್ಳಿಯನ್ನು ದಾಟುವುದೂ ಕಷ್ಟವಾಗುತ್ತಿತ್ತು.

ಅಮೆರಿಕದಲ್ಲಿ ಎಡಿಸನ್ ಅವರ ನೇರ ವಿದ್ಯುತ್ತಿಗೂ ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾ ಅವರ ಪರ್ಯಾಯ ವಿದ್ಯುತ್ತಿಗೂ ನಡೆದ ಪೈಪೋಟಿ ಅಡಗಿ ಹೆಚ್ಚು ಕಾಲವಾಗಿರಲಿಲ್ಲ. ಎಡಿಸನ್ ಅವರ ಕಂಪನಿಯೂ ಸೇರಿ 1892ರಲ್ಲಿ ರೂಪುಗೊಂಡ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೇ ಮೈಸೂರು ಪರ್ಯಾಯ ವಿದ್ಯುತ್ತಿನ ಯಂತ್ರಗಳನ್ನು ಕೊಂಡಿತು ಎಂಬುದು ಇತಿಹಾಸದ ಒಂದು ಸೋಜಿಗ. ನೀರಿನ ಚಕ್ರಗಳು ಸ್ವಿಟ್ಜರ್‌ಲ್ಯಾಂಡಿನ ಎಷರ್ ವಿಸ್ ಕಂಪನಿಯಿಂದ ಬಂದವು. ಪ್ರಸರಣದ ವೋಲ್ಟೇಜ್ 35 ಸಾವಿರ. ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಪಟ್ಟಿಯಲ್ಲಿ ಕೋಲಾರದ ಮಾರ್ಗವೂ ಅಂದು ಸೇರಿತು. ಕ್ಯಾಲಿಫೋರ್ನಿಯದಲ್ಲಿ ಅದಕ್ಕಿಂತ ಉದ್ದದ ಮಾರ್ಗವೊಂದು ಅಷ್ಟರಲ್ಲೇ ಸಿದ್ಧವಾಗಿದ್ದರೂ, ಏಷ್ಯಾದಲ್ಲಿ ಇದಕ್ಕೆ ಸಾಟಿ ಇರಲಿಲ್ಲ.

ಒಬ್ಬನೇ ಗಿರಾಕಿಯನ್ನು ನಂಬಿದ ಪಂದ್ಯ

ತಂತ್ರಜ್ಞಾನದ ಅಪಾಯಕ್ಕಿಂತ ಹಣಕಾಸಿನ ಅಪಾಯ ಕಡಿಮೆಯದಾಗಿರಲಿಲ್ಲ. ಹೂಡಬೇಕಾದ ಲಕ್ಷಾಂತರ ರೂಪಾಯಿಗಳು ಸಂಸ್ಥಾನದ ಪ್ರಜೆಗಳವು. ಕ್ಷಾಮದ ನೆನಪು ಇನ್ನೂ ಮಾಸಿರಲಿಲ್ಲ. ಪ್ಲೇಗು ಊರೂರುಗಳಲ್ಲಿ ಸಾವು ಬಿತ್ತುತ್ತಿತ್ತು. ವಿದ್ಯುತ್ತಿಗೆ ಇದ್ದ ದೊಡ್ಡ ಗಿರಾಕಿ ಒಬ್ಬನೇ: ಕೋಲಾರದ ಗಣಿ. ಚಿನ್ನದ ಎಳೆ ಬತ್ತಿದರೆ, ತಂತಿ ದಾರಿಯಲ್ಲೇ ಶಕ್ತಿಯನ್ನು ಕಳೆದುಕೊಂಡರೆ, ಮಳೆಗಾಲದ ಸಿಡಿಲಿಗೆ ಯಂತ್ರಗಳು ಸುಟ್ಟುಹೋದರೆ, ಹೊಣೆ ಹೊರುವವರು ಬೇರೆ ಯಾರೂ ಇರಲಿಲ್ಲ.

ಆದ್ದರಿಂದ ಮೊದಲು ಗಣಿ ಕಂಪನಿಗಳೊಡನೆ ದೀರ್ಘಾವಧಿಯ ಒಪ್ಪಂದ, ಆಮೇಲೆ ಕಟ್ಟಡ ಎಂಬ ಕ್ರಮವನ್ನು ಸಂಸ್ಥಾನ ಅನುಸರಿಸಿತು. ಎದುರು ದಂಡೆಯ ಮದರಾಸು ಸರ್ಕಾರದ ಸಮ್ಮತಿಯನ್ನೂ ಪಡೆಯಬೇಕಾಯಿತು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾಗಿದ್ದರು. ಎಳೆಯ ಮಹಾರಾಜರ ಪರವಾಗಿ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ಅವರ ಒಪ್ಪಿಗೆ ಮತ್ತು ಬೆಂಬಲ ಇಲ್ಲದೆ ಯೋಜನೆ ಮುಂದೆ ಸಾಗುತ್ತಿರಲಿಲ್ಲ.

ದಿವಾನರಿಗೆ ವಿರೋಧಿಗಳೂ ಇದ್ದರು. ಸಂಸ್ಥಾನದ ಉನ್ನತ ಹುದ್ದೆಗಳು ಮದರಾಸು ಪ್ರಾಂತ್ಯದಿಂದ ಬಂದವರ ಪಾಲಾಗುತ್ತಿವೆ ಎಂಬ ಸ್ಥಳೀಯರ ಅಸಮಾಧಾನ ಅವರ ಕಾಲದಲ್ಲಿ ತೀವ್ರವಾಯಿತು. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆಂಬ ಆಕ್ಷೇಪ ಪತ್ರಿಕೆಗಳಲ್ಲೂ ಪ್ರಜಾಪ್ರತಿನಿಧಿ ಸಭೆಯ ವಲಯದಲ್ಲೂ ಕೇಳಿಬಂತು. ಆ ಟೀಕೆಯಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಹೊರಗಿನವರೆಂಬ ಮುನಿಸು ಅವರ ನಂತರವೂ ಬಹುಕಾಲ ಮೈಸೂರಿನ ರಾಜಕಾರಣವನ್ನು ಕಾಡಿತು. ಆದರೆ ಹೊರಗಿನಿಂದ ಬಂದ ಆ ವ್ಯಕ್ತಿ, ಹೊರಗಿನ ಕಂಪನಿಗೆ ಜಲಪಾತವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಕಾಣದೆ ಹೋದ ಬೆಳಕು

ಕೆಲಸ 1900ರಲ್ಲಿ ಬಿರುಸಾಯಿತು. ಮದ್ದೂರಿನವರೆಗೆ ರೈಲಿನಲ್ಲಿ ಬಂದ ಭಾರಿ ಯಂತ್ರಭಾಗಗಳನ್ನು ಅಲ್ಲಿಂದ ಮುಂದೆ ಕಚ್ಚಾ ಹಾದಿಯಲ್ಲಿ ಸಾಗಿಸಲು ಆನೆಗಳನ್ನೂ ಬಳಸಲಾಯಿತು. ಕಮರಿಯ ಸುತ್ತಲಿನ ಕಾಡು ಮಲೇರಿಯಾ ಜ್ವರಕ್ಕೆ ಹೆಸರಾಗಿತ್ತು. ಬಂಡೆ ಸೀಳಿ ನಾಲೆ ತೋಡಿದ, ಕಂಬ ಹೊತ್ತ, ತಂತಿ ಎಳೆದ ಕೂಲಿಗಳ ಹೆಸರನ್ನು ಯಾವ ಸ್ಮಾರಕವೂ ಹೇಳುವುದಿಲ್ಲ.

ಶೇಷಾದ್ರಿ ಅಯ್ಯರ್ ಅವರ ದೇಹ ಅಷ್ಟರಲ್ಲಿ ಬಳಲಿತ್ತು. ಹದಿನೆಂಟು ವರ್ಷಗಳ ಎಡೆಬಿಡದ ದುಡಿಮೆಯ ನಂತರ 1901ರಲ್ಲಿ ಅನಾರೋಗ್ಯದಿಂದಾಗಿ ಅವರು ಅಧಿಕಾರದಿಂದ ನಿವೃತ್ತರಾದರು. ಅವರ ನಿವಾಸವಾಗಿದ್ದ ಬೆಂಗಳೂರಿನ ಕುಮಾರಕೃಪ, ಮುಂದೆ ಸರ್ಕಾರದ ಅತಿಥಿಗೃಹವಾಗಿ ಹೆಸರಾಯಿತು. ನಿವೃತ್ತಿಯ ಕೆಲವೇ ತಿಂಗಳಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಬ್ರಿಟಿಷ್ ಸರ್ಕಾರ ಕೊಟ್ಟ ಸರ್ ಬಿರುದು ಅವರಿಗೆ 1893ರಲ್ಲೇ ಬಂದಿತ್ತು. ಶಿವನಸಮುದ್ರದ ಚಕ್ರಗಳು ತಿರುಗುವುದನ್ನು ಕಾಣುವ ಭಾಗ್ಯ ಮಾತ್ರ ಬರಲಿಲ್ಲ.

1902ರ ಜೂನ್ ಕೊನೆಯ ದಿನ ಕೋಲಾರದ ಗಣಿಗೆ ವಿದ್ಯುತ್ತು ಹರಿಯಿತು. ಅದೇ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಪಂದ್ಯ ಗೆದ್ದಿತ್ತು. ಗಣಿಗಳ ಬೇಡಿಕೆ ಏರಿದಂತೆ ಕೇಂದ್ರಕ್ಕೆ ಹೊಸ ಯಂತ್ರಗಳು ಸೇರುತ್ತ ಹೋದವು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು, 1908ರಲ್ಲಿ ಮೈಸೂರು ನಗರದಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿ ಗಣಿಗೆ ವಿದ್ಯುತ್ತು ಸಾಲದಾದಾಗ, ನದಿಯ ನೀರನ್ನು ಮೇಲೆಯೇ ಹಿಡಿದಿಡುವ ಆಲೋಚನೆ ಬಲವಾಯಿತು. ಕನ್ನಂಬಾಡಿ ಅಣೆಕಟ್ಟಿಗೆ ನೀರಾವರಿಯ ಜೊತೆಗೆ ಶಿವನಸಮುದ್ರದ ವಿದ್ಯುತ್ತೂ ಮುಖ್ಯ ಕಾರಣವಾಗಿತ್ತು. ಅದನ್ನು ಕಟ್ಟಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರೇ. ಕೋಲಾರದ ಗಣಿಗೆಂದು ಎಳೆದ ತಂತಿ ಹೀಗೆ ಮಂಡ್ಯದ ಗದ್ದೆಗಳ ಹಸಿರಿಗೂ ಪರೋಕ್ಷವಾಗಿ ಕಾರಣವಾಯಿತು.

ಕೋಲಾರಕ್ಕೆ ಸಿಕ್ಕಿದ್ದೇನು?

ಲೆಕ್ಕದ ಇನ್ನೊಂದು ಪುಟವೂ ಇದೆ. ವಿದ್ಯುತ್ತು ಬಂದದ್ದು ಚಿನ್ನದ ಗಣಿಗೆ, ಅದರ ಲಾಭದ ದೊಡ್ಡ ಪಾಲು ಹೋದದ್ದು ಲಂಡನ್ನಿನ ಷೇರುದಾರರಿಗೆ. ಸಾವಿರಾರು ಅಡಿ ಆಳದ ಬಿಸಿಯಲ್ಲಿ ದುಡಿದವರಲ್ಲಿ ಬಹುಪಾಲು ಜನ ತಮಿಳು ಸೀಮೆಯ ಬಡ ಕೂಲಿಕಾರರು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಮತ್ತೂ ಹಲವು ದಶಕಗಳ ಕಾಲ ರಾತ್ರಿಯ ಬೆಳಕಾಗಿತ್ತು. ಸಂಸ್ಥಾನದ ಬಹುತೇಕ ಹಳ್ಳಿಗಳಿಗೆ ವಿದ್ಯುತ್ತು ತಲುಪಿದ್ದು ಸ್ವಾತಂತ್ರ್ಯ ಬಂದ ಮೇಲೆ. ಶೇಷಾದ್ರಿ ಅಯ್ಯರ್ ಹಳ್ಳಿಗೆ ಬೆಳಕು ಕೊಡುವೆನೆಂದು ಹೊರಟವರಲ್ಲ. ಗಣಿಯಿಂದ ಬಂದ ಹಣ ಖಜಾನೆಯ ಮೂಲಕ ಕೆರೆಗೆ, ರೈಲಿಗೆ, ಆಸ್ಪತ್ರೆಗೆ ಹರಿಯಲಿ ಎಂಬುದು ಅವರ ಲೆಕ್ಕಾಚಾರ. ಆ ಹಣದಲ್ಲಿ ಬೆಂಗಳೂರಿನ ಪಾಲೆಷ್ಟು, ಕೋಲಾರದ ಪಾಲೆಷ್ಟು ಎಂಬ ಪ್ರಶ್ನೆ ಆ ಸೀಮೆಯ ಜನರ ಮನಸ್ಸಿನಿಂದ ಇನ್ನೂ ಮರೆಯಾಗಿಲ್ಲ.

ಹಳ್ಳಿಗೆ ವಿದ್ಯುತ್ತು ಬಂದ ಮೇಲೆ ಕಪಿಲೆ ಬಾವಿಗಳ ಜಾಗದಲ್ಲಿ ಪಂಪ್‌ಸೆಟ್ಟುಗಳು ಬಂದವು, ಆಮೇಲೆ ಕೊಳವೆ ಬಾವಿಗಳು. ತರಕಾರಿ, ಮಾವು, ರೇಷ್ಮೆ, ಹಾಲಿನಿಂದ ಕೋಲಾರ ಬದುಕು ಕಟ್ಟಿಕೊಂಡಿತು. ಅದೇ ವಿದ್ಯುತ್ತು ನೆಲದಾಳದ ನೀರನ್ನು ಬರಿದು ಮಾಡಿತು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಾದವು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಆರಂಭವಾಯಿತು. ಬೆಂಗಳೂರು ಕುಡಿಯುವ ನೀರಿನ ದೊಡ್ಡ ಪಾಲು ಕಾವೇರಿಯದು. ಅಂತೂ ಕಾವೇರಿಯ ನೀರು, ನಗರವೊಂದು ಬಳಸಿ ಬಿಟ್ಟ ಮೇಲೆ, ಅವಳ ಬಲ ಬಂದು ಶತಮಾನ ಕಳೆದ ಬಳಿಕ, ಕೋಲಾರವನ್ನು ತಲುಪಿತು.

ಚಿನ್ನದ ಗಣಿಯ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಶಿವನಸಮುದ್ರದ ವಿದ್ಯುತ್ತಿಗೆ ಮೊದಲ ಗಿರಾಕಿಯಾಗಿದ್ದ ಊರು ಕೆಲಸ ಕಳೆದುಕೊಂಡವರ ಊರಾಯಿತು.

ಗಿರಾಕಿ ಹೋದರೂ ಜಲಪಾತದ ಕೇಂದ್ರ ಉಳಿಯಿತು. ಕಾಲಕಾಲಕ್ಕೆ ಯಂತ್ರಗಳನ್ನು ಬದಲಿಸಿಕೊಂಡು ಒಟ್ಟು 42 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಅದಕ್ಕೆ ಸರ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನೇ ಇಡಲಾಗಿದೆ. ಅದು ಖಾಸಗಿ ಕಂಪನಿಯ ಪಾಲಾಗದೆ ನಾಡಿನ ಸೊತ್ತಾಗಿಯೇ ಉಳಿದದ್ದು ತೊಂಬತ್ತರ ದಶಕದ ಆ ಒಂದು ತೀರ್ಮಾನದಿಂದ. ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣಗೊಳಿಸಿದ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಬೆಂಗಳೂರಿನ ಜನರಿಗೆ ಪರಿಚಿತ. ಅವರ ಹೆಸರಿನ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಕೋಲಾರದಲ್ಲಿ ಅವರಿಗೆ ಅಂಥ ದೊಡ್ಡ ಸ್ಮಾರಕವಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲೋ, ಶ್ರೀನಿವಾಸಪುರದ ಮಾವಿನ ತೋಪಿನ ಪಂಪಿನ ಮನೆಯಲ್ಲೋ, ಮುಳಬಾಗಿಲಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲೋ ಸ್ವಿಚ್ ಒತ್ತಿದಾಗ ಹರಿಯುವ ವಿದ್ಯುತ್ತು ಇಂದು ನಾಡಿನ ಹತ್ತಾರು ಕೇಂದ್ರಗಳಿಂದ ಬರುತ್ತದೆ. ದೂರದಲ್ಲಿ ಹುಟ್ಟಿದ ಬಲವನ್ನು ತಂತಿಯ ಮೇಲೆ ಈ ಸೀಮೆಗೆ ತರಬಹುದೆಂದು ಸಂಸ್ಥಾನದ ಖಜಾನೆಯನ್ನು ಪಣಕ್ಕಿಟ್ಟು ತೋರಿಸಿದ್ದು ಮಾತ್ರ ಆ ದಿವಾನರ ಆಡಳಿತ.